ತಾವರಗೇರಾದ ಅಳತೆ ಜಂಪರು

ಫೋನಿನಲ್ಲಿ ನಾನು ಹೇಳಿದಷ್ಟು ಸುಳ್ಳನ್ನು ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಬ್ಬರು ಹೇಳಿರಲಿಕ್ಕಿಲ್ಲ. ಯಲಬುರ್ಗಾದ ಒಂದು ಮನೆಗೆ ನಾನು ಸ್ವಸಹಾಯ ಸಂಘದ ಮೇಡಂ. ಹುಲಿಹೈದರದ ಒಂದು ಮನೆಗೆ ಬಳೆ ಅಂಗಡಿಯಾಕೆ. ಗಂಗಾವತಿ ಕಡೆ ಕಾಲುವೆ ದಂಡೆಯ ತೆಲುಗರ ಕ್ಯಾಂಪಿನ ಒಂದು ಮನೆಗಂತೂ ತೆಲುಗು ಮಾತಾಡುವ ದೂರದ ಚಿಕ್ಕಮ್ಮ. ನನ್ನ ತೆಲುಗೋ, ನಮ್ಮೂರು ಗಂಗಾವತಿಯ ಅಕ್ಕಿ ಗಿರಣಿ ಮುಂದೆ ಹಮಾಲರ ಬಾಯಿಂದ ಕಲಿತದ್ದು. ಈ ಚಿಕ್ಕಮ್ಮ ಎಲ್ಲಿ ಬೆಳೆದಳಪ್ಪಾ ಎಂದು ಆ ಮನೆಯವರು ಹಣೆ ಚಚ್ಚಿಕೊಂಡಿರಬೇಕು. ಇಷ್ಟು ವೇಷ ಹಾಕಿದ್ದು ಯಾರನ್ನೂ ಮುಳುಗಿಸಲಿಕ್ಕಲ್ಲ. ನಾನು ನರ್ಸು.

ಕೊಪ್ಪಳದ ಒಂದು ಆಸ್ಪತ್ರೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಆಗ ಒಂದು ಸಂಶೋಧನೆ ನಡೆಯುತ್ತಿತ್ತು. ಎಚ್‌ಐವಿ ಇರುವ ಹೆಂಗಸರಲ್ಲಿ ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರನ್ನು ಮೊದಲೇ ಹುಡುಕಿ ಹಿಡಿಯುವುದು ಹೇಗೆ ಎಂಬುದು ಅದರ ವಿಷಯ. ಆ ಕ್ಯಾನ್ಸರು ಬರುವುದು ಬೇರೊಂದು ವೈರಸ್ಸಿನಿಂದ. ಉಳಿದವರ ಮೈಯಲ್ಲಿ ಅದು ಬಂದರೂ ಎಷ್ಟೋ ಸಲ ತಾನಾಗಿಯೇ ಹೋಗಿಬಿಡುತ್ತದೆ. ಎಚ್‌ಐವಿ ಇರುವವರಲ್ಲಿ ಮಾತ್ರ ಹಟ ಹಿಡಿದು ಕೂರುತ್ತದೆ, ಕೆಡಿಸುವ ಕೆಲಸವನ್ನೂ ಬೇಗ ಮಾಡುತ್ತದೆ. ನಾವು ಸಣ್ಣ ಬ್ರಷ್ಷಿನಿಂದ ಒರೆಸಿ ತೆಗೆದದ್ದನ್ನು ಲ್ಯಾಬಿಗೆ ಕಳಿಸುತ್ತಿದ್ದೆವು, ಹುಳಿ ವಾಸನೆಯ ಒಂದು ನೀರು ಹಚ್ಚಿ ನೋಡುತ್ತಿದ್ದೆವು. ಕೆಟ್ಟ ಜಾಗವಿದ್ದರೆ ಬೆಳ್ಳಗೆ ಕಾಣುತ್ತದೆ. ಆ ಹೊತ್ತಿಗೆ ಸಿಕ್ಕರೆ ಸುಟ್ಟೋ ಕತ್ತರಿಸಿಯೋ ತೆಗೆಯಬಹುದು, ಸ್ವಲ್ಪ ಹೊತ್ತಿನ ಕೆಲಸ. ಸಿಗದೆ ಹೋದರೆ ಕೆಲವು ವರ್ಷಗಳಲ್ಲಿ ಅದೇ ಕ್ಯಾನ್ಸರು.

ಕೆಲಸ ಕೇಳಲು ಸುಲಭ. ಆದರೆ ಹೆಂಗಸರು ಬರಬೇಕಲ್ಲ! ಗಂಗಾವತಿಯವರು, ಗುರುತಿನವರು ಕಂಡಾರೆಂದು, ತಮ್ಮೂರಲ್ಲಿ ಎಚ್‌ಐವಿ ಗುಳಿಗೆ ತೆಗೆದುಕೊಳ್ಳದೆ ಕೊಪ್ಪಳಕ್ಕೆ ಬರುತ್ತಿದ್ದರು. ಕೊಪ್ಪಳದವರು ಗಂಗಾವತಿಗೆ ಹೋಗುತ್ತಿದ್ದರು. ಎದುರುಬದುರಿನ ಬಸ್ಸುಗಳಲ್ಲಿ ಇಬ್ಬರೂ ಸೆರಗು ಮುಖಕ್ಕೆಳೆದುಕೊಂಡು ದಾಟಿ ಹೋಗುತ್ತಿದ್ದರು. ಗುಳಿಗೆ ಡಬ್ಬಿಯ ಚೀಟಿ ಕಿತ್ತು, ಒಳಗೆ ಅರಳೆ ತುರುಕಿ, ಅದು ಗಿಲಗಿಲ ಅನ್ನದ ಹಾಗೆ ಮಾಡಿ ಜೋಳದ ಡಬ್ಬಿಯ ತಳಕ್ಕೆ ಇಡುತ್ತಿದ್ದರು. ಅಂಥವರ ಮನೆಗೆ 'ಆಸ್ಪತ್ರೆಯಿಂದ ಮಾತಾಡ್ತೀವಿ' ಎಂದು ಫೋನು ಮಾಡಿದರೆ ಮುಗಿಯಿತು. ಅದಕ್ಕೇ ಮೊದಲ ದಿನವೇ ನಾನು ಒಬ್ಬೊಬ್ಬರನ್ನೂ ಕೇಳಿಬಿಡುತ್ತಿದ್ದೆ: "ಫೋನ್ ಹಚ್ಚಿದ್ರ ನಾ ಯಾರಂತ ಹೇಳ್ಬೇಕ್ರಿ?" ಅವರು ಹೇಳಿದ್ದೇ ನಾನು.

ಸಂಶೋಧನೆ ಮುಗಿದು, ಆ ಎರಡು ಕೋಣೆಗಳಲ್ಲಿ ಈಗ ಮುರಿದ ಮಂಚ, ಔಷಧದ ಖಾಲಿ ಪೆಟ್ಟಿಗೆ ಒಟ್ಟಿದ್ದಾರೆ. ನಾನು ಈಗ ಯಲಬುರ್ಗಾ ಕಡೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿದ್ದೇನೆ. ಕೆಲಸ ಚೆನ್ನಾಗಿದೆ, ಜನ ಒಳ್ಳೆಯವರು, ದೂರಲಿಕ್ಕೆ ಏನಿಲ್ಲ. ಆದರೂ ಆ ಬಾಗಿಲ ಮುಂದಿನ ಕಲ್ಲುಬೆಂಚಿನ ಮೇಲೆ ಕೂತ ಹೆಂಗಸರ ಗದ್ದಲ ಇಲ್ಲೆಲ್ಲಿ ಬರಬೇಕು! ಊರಲ್ಲಿ ಬಾಯಿ ಬಿಡದವರು ಆ ಬೆಂಚಿನ ಮೇಲೆ ಲೊಟಲೊಟ ಮಾತಾಡುತ್ತಿದ್ದರು. ಬುತ್ತಿ ಬಿಚ್ಚಿದರೆ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿ ರಂಜಕ. ಒಬ್ಬರ ರೊಟ್ಟಿ ಇನ್ನೊಬ್ಬರು ಮುರಿದು ತಿನ್ನುತ್ತಿದ್ದರು. 'ನಮ್ಮ ತಟ್ಟಿಯೊಳಗಿಂದು ಯಾರರೆ ತಿಂದು ಎಷ್ಟು ವರ್ಷಾತು' ಎಂದು ಗಿಣಿಗೇರಾದ ಒಬ್ಬಾಕೆ ಒಮ್ಮೆ ಅಂದಳು. ಪಕ್ಕದಾಕೆ ಕೂಡಲೇ ಅವಳ ತಟ್ಟೆಯನ್ನೇ ಎಳೆದುಕೊಂಡು, "ಹಂಗಾರ ಎಲ್ಲಾ ನಾನ ತಿಂತೀನಿ, ನೀ ಉಪವಾಸ ಇರು" ಎಂದಳು. ನಕ್ಕೂ ನಕ್ಕೂ ನಮ್ಮ ಕಣ್ಣಲ್ಲಿ ನೀರು ಬಂತು.

ತಪಾಸಣೆಗೆ ಬರುವಾಗ ಅವರು ಮಾಡುತ್ತಿದ್ದ ಸಿಂಗಾರವೂ ಹಾಗೇ. ಡಾಕ್ಟರಮ್ಮನ ಮುಂದೆ ಮಲಗಬೇಕಲ್ಲ, ಸ್ವಚ್ಛ ಇರಬೇಡವೆ ಎಂದು ತಲೆ ಮೇಲೆ ನೀರು ಹಾಕಿಕೊಂಡು, ಮದುವೆಗೆ ಉಡುವ ಸೀರೆ ಉಟ್ಟು ಬರುವವರು. ಕುಷ್ಟಗಿಯ ಒಬ್ಬಾಕೆ ಅರಿಶಿನ ನೀರಿನಿಂದ ಒಳಗೆಲ್ಲ ತೊಳೆದುಕೊಂಡು ಬಂದಿದ್ದಳು. ಬ್ರಷ್ಷು ಹಳದಿ, ಲ್ಯಾಬಿನವರಿಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಡಾಕ್ಟರಮ್ಮ ಧಾರವಾಡದ ಕಡೆಯವರು, ಸಿಟ್ಟು ಮೂಗಿನ ತುದಿಯಲ್ಲೇ. "ಯವ್ವಾ, ನನಗ ನೀ ಇದ್ದಂಗ ಬೇಕು. ಪೂಜಿಗೆ ಕುಂದ್ರಸಾಕಲ್ಲ" ಎಂದು ಗದರಿ, ಮತ್ತೆ ತಾವೇ ನಕ್ಕುಬಿಟ್ಟಿದ್ದರು. ಅಂದಿನಿಂದ ಫೋನಿನಲ್ಲಿ 'ಏನೂ ತೊಳೀಬ್ಯಾಡ್ರಿ' ಎನ್ನುವುದನ್ನು ಬಳೆ ಅಂಗಡಿಯಾಕೆಯ ಬಾಯಲ್ಲಿ ಹೇಳುವುದು ಹೇಗೆ ಎಂಬ ಹೊಸ ಫಜೀತಿ ನನಗೆ ಗಂಟುಬಿತ್ತು.

ತಾವರಗೇರಾದಾಕೆ ಬಂದದ್ದು ಆ ವರ್ಷವೇ. ಮೂವತ್ತು ದಾಟಿದ್ದಳೋ ಇಲ್ಲವೋ. ಗಂಡ ತೀರಿಕೊಂಡಿದ್ದ. ಅವನಿಗೆ ಕಾಮಾಲೆಯಾಗಿತ್ತು ಎಂದು ಮನೆಯವರೂ ಊರವರೂ ನಂಬಿದ್ದರು, ಎಚ್‌ಐವಿ ಎಂಬುದು ಅವಳೊಬ್ಬಳಿಗೇ ಗೊತ್ತು. ಗಂಡ ಹೋದ ಮೇಲೆ ಅತ್ತೆ ಅವಳನ್ನು ತವರಿಗೆ ಕಳಿಸದೆ, ಮಗಳ ಹಾಗೆ ಇಟ್ಟುಕೊಂಡಿದ್ದಳು. ಸಾಲಿಗೆ ಹೋಗುವ ಒಬ್ಬ ಮಗಳು. ಅದೇ ಸಾಲಿಯಲ್ಲಿ ಇವಳು ಬಿಸಿಯೂಟದ ಅಡಿಗೆಯವಳು. "ಗೊತ್ತಾದ್ರ ನನ್ನ ಕೈಯಾಗಿನ ಅನ್ನ ಒಂದು ಹುಡುಗನೂ ಉಣ್ಣಾಂಗಿಲ್ರಿ ಸಿಸ್ಟರ್. ಕೆಲಸ ಹೋಗತೈತಿ. ಅತ್ತಿ ಮನಿಯಾಗ ಇಟ್ಕೋತಾರೋ ಇಲ್ಲೋ, ಆ ದೇವರಿಗೇ ಗೊತ್ತು" ಎಂದಿದ್ದಳು. ನನ್ನ ಟೇಬಲ್ಲಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು. ಫೋನಿಗೆ ಯಾರೆಂದು ಹೇಳಲಿ ಎಂದೆ. ನಾನು ಅವತ್ತು ಸೀರೆಯ ಜೊತೆ ಹಾಕಿಕೊಂಡಿದ್ದ ಜಂಪರಿನ ತೋಳನ್ನೇ ನೋಡುತ್ತಿದ್ದಳು. "ಇದು ಯಾರು ಹೊಲದಾರ್ರಿ?" ಎಂದಳು. ನಾನೇ ಎಂದೆ. ನನ್ನವ್ವ ಗಂಗಾವತಿಯಲ್ಲಿ ಹೊಲಿದು ಹೊಲಿದೇ ನಮ್ಮನ್ನು ಓದಿಸಿದವಳು, ಅವಳ ಕಾಲಮಷೀನು ನನ್ನ ಬಾಡಿಗೆ ಮನೆಯಲ್ಲಿತ್ತು. "ಹಂಗಾರ ಟೇಲರ್ ಅನ್ರಿ" ಎಂದು ಮೊದಲ ಸಲ ನಕ್ಕಳು.

ಡಾಕ್ಟರಮ್ಮ ಅವಳನ್ನು ನೋಡಿದಾಗ ಬಿಳಿ ಮಚ್ಚೆ ದೊಡ್ಡದಾಗಿಯೇ ಕಂಡಿತು. ಸಣ್ಣ ಚೂರು ತೆಗೆದು ಲ್ಯಾಬಿಗೆ ಕಳಿಸಿದೆವು. ಉತ್ತರ ಬಂತು: ಇನ್ನೂ ಕ್ಯಾನ್ಸರಲ್ಲ, ಆದರೆ ಅದರ ಹೊಸ್ತಿಲಲ್ಲೇ ನಿಂತಿದೆ. "ಈಗ ತಗದ್ರ ಬೆಣ್ಣಿಯೊಳಗಿನ ಕೂದಲು ತಗದಂಗ. ತಡ ಮಾಡಿದ್ರ ನನ್ನ ಕೈಯಾಗಿಲ್ಲ. ಹೆಂಗರೆ ಮಾಡಿ ಕರಸು" ಎಂದರು ಡಾಕ್ಟರಮ್ಮ. ಬಿಸಿಯೂಟದ ಸಭೆಯ ನೆಪದಲ್ಲಿ ಅವಳು ಮತ್ತೆ ಗುಳಿಗೆಗೆ ಬರುವ ದಿನ ಇನ್ನೂ ಬಹಳ ದೂರವಿತ್ತು. ನಾನು ಫೋನು ಹಚ್ಚಿದೆ.

ಆ ಮನೆಗೆ ಇದ್ದದ್ದು ಒಂದೇ ಫೋನು, ತೀರಿಕೊಂಡ ಮಗನದು. ಅದು ಅತ್ತೆಯ ಎಲೆಯಡಿಕೆ ಸಂಚಿಯೊಳಗೆ ಇರುತ್ತಿತ್ತು.

"ಯಾರವಾ?" ಎಂದಿತು ಮುದುಕಿಯ ದನಿ.

"ನಾನ್ರಿ ಯವ್ವಾ, ಕೊಪ್ಪಳದ ಟೇಲರ್. ನಿಮ್ಮ ಸೊಸಿ ಜಂಪರ್ ಹೊಲಿದಿಟ್ಟೀನ್ರಿ. ತೋಳು ಯಾಕೋ ಬಿಗಿ ಆಗೇತಿ. ಒಮ್ಮೆ ಬಂದು ಹಾಕ್ಕೊಂಡು ನೋಡಲಿ."

"ಬಿಗಿ ಆದ್ರ ಬಿಚ್ಚಬೇಕು. ಹೊಲಿಗಿ ಒಳಗ ಅರಿವಿ ಬಿಟ್ಟಿಲ್ಲೇನು? ಎಂಥಾ ಟೇಲರ್ ಬೇ ನೀ?"

ನನ್ನವ್ವ ಕೇಳಿಸಿಕೊಂಡಿದ್ದರೆ ನನ್ನ ಕೆನ್ನೆಗೆ ಬಾರಿಸುತ್ತಿದ್ದಳು. ಮುಂದೆ ಸಡಿಲಿಸಲೆಂದು ಒಳಗೆ ಬಟ್ಟೆ ಬಿಡದೆ ಹೊಲಿಯುವುದೆಂದರೆ ನಮ್ಮ ಮನೆಯಲ್ಲಿ ಮಹಾಪಾಪ. ಆದರೆ ಸುಳ್ಳನ್ನು ಎಳೆಯಲೇಬೇಕಿತ್ತು. ಅರಿವೆ ಕಡಿಮೆ ಬಿತ್ತು, ಅಸ್ತರು ಹಚ್ಚಿದ ಜಂಪರು, ಆಕೆಯೇ ಬರಬೇಕು ಎಂದೆ. ಸಾಲಿಯಲ್ಲಿ ಪರೀಕ್ಷೆ, ಅಡಿಗೆ ಬಿಟ್ಟು ಬರಲಿಕ್ಕಾಗದು ಎಂದಳು ಮುದುಕಿ. ಮುಂದಿನ ವಾರ ಮತ್ತೆ ಹಚ್ಚಿದೆ. "ಅಷ್ಟು ಅವಸರ ಇದ್ರ ಬಸ್ಸಿಗೆ ಕೊಟ್ಟು ಕಳಸು. ಕುಷ್ಟಗಿ ಮ್ಯಾಲಿಂದ ಬರೂ ಬಸ್ಸಿನ ಕಂಡಕ್ಟರ್ ನಮ್ಮ ಪೈಕಿನ ಅದಾನ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಒಬ್ಬಳ ಜೀವದ ಪ್ರಶ್ನೆ, ಈ ಮುದುಕಿ ಬಸ್ಸಿಗೆ ಕೊಟ್ಟು ಕಳಿಸು ಅನ್ನುತ್ತಾಳೆ! ಪಾಪ, ಅವಳಿಗೇನು ಗೊತ್ತು, ಅವಳ ಲೆಕ್ಕಕ್ಕೆ ಅದು ಒಂದು ಜಂಪರು.

ನಡುವೆ ಸೊಸೆಯೂ ಒಮ್ಮೆ ಸಾಲಿಯಲ್ಲಿ ಕಲಿಸುವ ಬಾಯಿಯೋರ ಫೋನಿನಿಂದ ಪಿಸುಗುಟ್ಟಿದ್ದಳು. "ಅಕ್ಕಾರ, ಜೀವ ಹೊಡಕೊಳ್ಳಾಕತ್ತೈತ್ರಿ. ಅತ್ತಿ ಒಬ್ಬಾಕಿನ್ನ ಬಿಡವಲ್ರು. ಜಂಪರ್ ಸಲುವಾಗಿ ಕೊಪ್ಪಳಕ್ಕ ಯಾಕ ಅಂತಾರ. ಏನರೆ ಮಾಡ್ರಿ." ನಾನು ಧೈರ್ಯ ಹೇಳಿ ಫೋನು ಇಟ್ಟೆ. ಏನು ಮಾಡಬೇಕೋ ನನಗೂ ತೋಚಿರಲಿಲ್ಲ.

ಮತ್ತೊಮ್ಮೆ ಹಚ್ಚಿದಾಗ ಮುದುಕಿ ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದಳು. "ಏ ಟೇಲರ್, ನೀ ಏನ ಆಕಿ ಬರಬೇಕಂತ ಕುಂತಿ? ಅಳತಿ ಜಂಪರ ಕೊಟ್ರ ಸಾಲದೇನು? ಮಂಗಳವಾರ ನಾ ಹುಲಿಗಿ ಗುಡಿಗೆ ಹೊಂಟೀನಿ. ಹಂಗ ಕೊಪ್ಪಳಕ್ಕ ಬಂದು ಆಕೀದು ಅಳತಿ ಜಂಪರ ಕೊಟ್ಟು ಹೋಗ್ತೀನಿ. ನಂದೂ ಒಂದು ಹೊಲಿಸೂದೈತಿ. ನಿನ್ನ ಅಂಗಡಿ ಎಲ್ಲಿ ಬರತೈತಿ?"

ಅಳತೆ ಜಂಪರು! ನಮ್ಮ ಕಡೆ ಯಾವ ಹೆಂಗಸೂ ಜಂಪರಿಗೆಂದು ಮೈ ಅಳತೆ ಕೊಡಲು ಹೋಗುವುದಿಲ್ಲ. ಸರಿಯಾಗಿ ಕೂರುವ ಒಂದು ಹಳೆಯ ಜಂಪರು ಇಟ್ಟುಕೊಂಡು, ಅದನ್ನೇ ಟೇಲರಿಗೆ ಕೊಟ್ಟು ಕಳಿಸುತ್ತಾರೆ. ಮಗಳೋ ಅತ್ತೆಯೋ ಪಕ್ಕದ ಮನೆಯಾಕೆಯೋ ಒಯ್ದರೂ ನಡೆಯುತ್ತದೆ. ಟೇಲರಿನ ಮಗಳಾಗಿ ಹುಟ್ಟಿ ನನಗೆ ಇದು ಹೊಳೆಯಲಿಲ್ಲವಲ್ಲ! ಅವಳನ್ನು ಕರೆಸಲು ನಾನು ಹೂಡಿದ ನೆಪವೇ ಅವಳು ಬರಬೇಕಾಗಿಲ್ಲ ಎನ್ನುವಂಥದ್ದು. ಬಾಯಿಗೆ ಬಂದಂತೆ ನನ್ನ ಬಾಡಿಗೆ ಮನೆಯ ಗುರುತು ಹೇಳಿಬಿಟ್ಟೆ.

ಮಂಗಳವಾರ ರಜೆ ಹಾಕಿ ಮಷೀನನ್ನು ಬಾಗಿಲಿಗೆ ಎಳೆದು ಕೂತೆ. ಕೊರಳಿಗೆ ಟೇಪು, ಕಾಲ ಬಳಿ ಒಂದಿಷ್ಟು ಚಿಂದಿ. ಡಾಕ್ಟರಮ್ಮ ಮೂರು ಸಲ ಫೋನು ಮಾಡಿ, "ಬಂದಳೇನು?" ಎಂದು ಕೇಳಿ ನಕ್ಕರು. ನನಗೆ ನಗು ಬರುವಂತಿರಲಿಲ್ಲ. ಹೇಗಾದರೂ ಮುದುಕಿಯ ಬಾಯಿಂದಲೇ 'ಸೊಸೆಯನ್ನು ಕಳಿಸ್ತೀನಿ' ಎನ್ನಿಸಬೇಕು, ಅದೊಂದೇ ನನ್ನ ತಲೆಯಲ್ಲಿ ಇದ್ದದ್ದು.

ಮಧ್ಯಾಹ್ನದ ಬಿಸಿಲಿಗೆ ಮುದುಕಿ ಬಂದಳು. ಎತ್ತರದ ಆಳು, ಇಳಕಲ್ಲು ಸೀರೆ, ಹಣೆಯಲ್ಲಿ ಹುಲಿಗಿ ಗುಡಿಯ ಭಂಡಾರದ ಅರಿಶಿನ. ಬಂದವಳೇ ನನ್ನ ಕೈಗೂ ಒಂದು ಚಿಟಿಕೆ ಭಂಡಾರ ಕೊಟ್ಟು, ನೀರು ಕುಡಿದು, ಮಷೀನಿನ ಗಾಲಿ ತಿರುಗಿಸಿ ನೋಡಿದಳು. "ಮಷೀನ್ ಛಲೋ ಐತಿ. ಹೊಲಿಯಾಕಿನ ಸುಮಾರು" ಎಂದಳು.

"ಬಿಡ್ರಿ ಯವ್ವಾ, ಒಂದು ತೋಳಿನ ಸಲುವಾಗಿ ಎಷ್ಟು ಅಂತೀರಿ!"

"ಅನಬ್ಯಾಡೇನು ಮತ್ತ? ತಾವರಗೇರಾದಾಗ ಟೇಲರ್ ಸತ್ತಾರೇನು, ನನ್ನ ಸೊಸಿ ಇಲ್ಲೀತನಕ ಬರಾಕ? ನಿನ್ನಂಥಾಕಿನ್ನ ಎಲ್ಲಿ ಹುಡುಕ್ಯಾಳೋ."

ಹೀಗೆ ಬೈಯುತ್ತಲೇ ಸಂಚಿಯಿಂದ ಎರಡು ಹಳೆಯ ಜಂಪರು ತೆಗೆದು ಮಡಿಲಲ್ಲಿಟ್ಟಳು. ಒಂದು ಸೊಸೆಯದು. ಇನ್ನೊಂದು ತನ್ನದು. ತನ್ನದರ ಅಳತೆಗೆ ಹೊಲಿಸಲು ಹಸಿರು ಖಣ ತಂದಿದ್ದಳು. ನಾನು ಕೈ ಸುಮ್ಮನಿರಬಾರದೆಂದು ಅವಳ ಜಂಪರನ್ನು ಹರವಿ ಟೇಪು ಇಟ್ಟೆ. ಕಣ್ಣೆತ್ತಿ ಅವಳನ್ನು ನೋಡಿದೆ. ಮತ್ತೆ ಜಂಪರು ನೋಡಿದೆ. ನನ್ನವ್ವನ ಮಗಳಿಗೆ ಬಟ್ಟೆ ಹಿಡಿದರೆ ಮೈ ಗೊತ್ತಾಗುತ್ತದೆ.

"ಯವ್ವಾ, ಇದು ನಿಮ್ಮದಲ್ಲ. ಯಾರದೋ ತಂದೀರಿ" ಎಂದೆ.

"ನಂದ ಬೇ. ಹೋದ ಶ್ರಾವಣದಾಗ ಹೊಲಿಸಿದ್ದು."

ಎದ್ದು ಅವಳ ಬೆನ್ನಿಗೆ ಹಿಡಿದು ನೋಡಿದೆ. ತೊಟ್ಟಿದ್ದ ಜಂಪರೂ ಜೋತುಬಿದ್ದಿತ್ತು, ತೋಳಿನಲ್ಲಿ ನನ್ನ ಇಡೀ ಕೈ ಹೋಗುವಷ್ಟು ಸಡಿಲ. ಒಂದು ವರ್ಷದೊಳಗೆ ಮನುಷ್ಯರು ಹೀಗೆ ಇಳಿಯುವುದಿಲ್ಲ. ಯಾಕೆ ಇಷ್ಟು ಸಣ್ಣಗಾಗಿದ್ದೀರಿ ಎಂದೆ. ಅವಳು ಮೊದಲು ಬಿಸಿಲು ಎಂದಳು. ಆಮೇಲೆ ಊಟ ಸೇರುವುದಿಲ್ಲ ಎಂದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿ, ನಾಚಿಕೆಯಿಂದ ನಕ್ಕಳು.

"ನಿನಗ ಹೇಳ್ತೀನಿ, ಯಾರ ಮುಂದೂ ಅನಬ್ಯಾಡ. ಹೊರಗಾಗೂದು ನಿಂತು ಎಷ್ಟೋ ವರ್ಷ ಆಗಿತ್ತು. ಈಗ ಮತ್ತ ಶುರು ಆಗೇತಿ. ತಿರುಗಿ ಹರೇ ಬಂದೈತಿ ನೋಡು ನನಗ!"

ನಾನು ನಗಲಿಲ್ಲ. ನಗಲು ಆಗಲಿಲ್ಲ. ಟೊಂಕ ನೋಯುತ್ತದೆಯೇ ಎಂದೆ. ಹೂಂ ಎಂದಳು. ಬಿಳಿಸೆರಗು, ವಾಸನೆ? ಅದಕ್ಕೂ ಹೂಂ. "ನಿನಗ ಹೆಂಗ ಗೊತ್ತಾತು?" ಎಂದು ಹುಬ್ಬು ಮೇಲೆ ಮಾಡಿದಳು. ಊರೂರಿನ ಹೆಂಗಸರನ್ನು ಕರೆದು ಕರೆದು ನಾವು ಹುಡುಕುತ್ತಿದ್ದ ಆ ಹಾಳಾದ್ದು, ತಾನಾಗಿ ನನ್ನ ಮನೆಯ ಬಾಗಿಲಿಗೆ ಬಂದು ಮಷೀನಿನ ಪಕ್ಕ ಕೂತಿತ್ತು. ನಾನು ನರ್ಸು ಎಂದು ಹೇಳಿಬಿಡಲೇ? ಹೇಳಿದರೆ ಸೊಸೆ ಯಾಕೆ ನರ್ಸಿನ ಹತ್ತಿರ ಬಂದಿದ್ದಳು ಎನ್ನುತ್ತಾಳೆ. ಅಲ್ಲಿಗೆ ಆ ಹುಡುಗಿಯ ಬಾಳು ಮುಗಿಯಿತು. ಹೇಳದೆ ಕಳಿಸಿದರೆ ಈ ಮುದುಕಿಯದು ಮುಗಿಯುತ್ತದೆ.

"ನನ್ನ ಕಡೆ ಜಂಪರ್ ಹೊಲಿಸೋ ಡಾಕ್ಟರಮ್ಮ ಒಬ್ರು ಅದಾರ್ರಿ" ಎಂದೆ. ಹೇಗೆ ಬಾಯಿಗೆ ಬಂತೋ. "ಭಾಳ ಒಳ್ಳೇವ್ರು. ಹೆಂಗಸರದ್ದ ನೋಡ್ತಾರ. ಇದನ್ನ ಅವರಿಗೆ ತೋರಸಬೇಕ್ರಿ ಯವ್ವಾ. ಇದು ಹರೇ ಅಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಅಷ್ಟು ಹೊತ್ತು ಜೋರು ಮಾಡುತ್ತಿದ್ದವಳ ಕೈ ನನ್ನ ಮೊಣಕಾಲ ಮೇಲೆ ಬಂತು. "ನನಗೂ ಹಂಗ ಅನಸ್ತದ ತಂಗಿ. ಅಂಜಿಕಿ ಬಂದು ಯಾರಿಗೂ ಹೇಳಿಲ್ಲ. ಆ ಹುಡುಗಿಗೆ ಗಂಡನೂ ಇಲ್ಲ. ನಾನೂ ಮಲಗಿದ್ರ ಏನ ಮಾಡ್ಯಾಳು?"

"ಒಬ್ರ ಬರಬ್ಯಾಡ್ರಿ. ಸೊಸೀನ್ನ ಕರಕೊಂಡು ಬರ್ರಿ. ಆಕೀಗೂ ಒಮ್ಮೆ ನೋಡ್ತಾರ" ಎಂದೆ. ಹೂಂ ಎಂದಳು. ನಾನು ಇಷ್ಟು ವಾರ ಬಡಿದಾಡಿದರೂ ಆಗದ್ದು ಆ ಒಂದು ಹೂಂನಲ್ಲಿ ಆಯಿತು. ಆದರೆ ನನಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಬಸ್ಸಿಗೆ ಹೋದ ಮೇಲೆ ಹಸಿರು ಖಣವನ್ನು ಮಡಿಸಿಟ್ಟು ಡಾಕ್ಟರಮ್ಮನಿಗೆ ಫೋನು ಹಚ್ಚಿದೆ.

ಆ ವಾರವೇ ಇಬ್ಬರೂ ಬಂದರು. ನನ್ನನ್ನು ಬಿಳಿ ಕೋಟಿನಲ್ಲಿ ನೋಡಿ ಮುದುಕಿ ಬಾಗಿಲಲ್ಲೇ ನಿಂತುಬಿಟ್ಟಳು. ಹಿಂದಿದ್ದ ಸೊಸೆಯ ಮುಖದಲ್ಲಿ ರಕ್ತವಿರಲಿಲ್ಲ. "ಯವ್ವಾ ಯವ್ವಾ! ಟೇಲರ್ ಇಲ್ಲೇನ ಮಾಡಾಕತ್ಯಾಳ?"

"ಹೊಲಿಗಿ ಒಂದರಿಂದ ಹೊಟ್ಟಿ ತುಂಬತೈತೇನ್ರಿ ಯವ್ವಾ? ಹಗಲು ಇಲ್ಲಿ, ಸಂಜೀಕ ಮಷೀನು."

"ಛಲೋ ಆತು ಬಿಡು. ಗುರುತಿನಾಕಿ ಇದ್ರ ಧೈರ್ಯ" ಎಂದು ಒಳಗೆ ಬಂದಳು. ಸೊಸೆ ಬಿಟ್ಟ ನಿಟ್ಟುಸಿರು ನನಗೆ ಕೇಳಿಸಿತು.

ಮುದುಕಿ ನಮ್ಮ ಸಂಶೋಧನೆಗೆ ಸೇರುವವಳಲ್ಲ. ಎಚ್‌ಐವಿ ಇದ್ದವರನ್ನು ಮಾತ್ರ ನೋಡಬೇಕೆಂಬುದು ಅದರ ನಿಯಮ. ಅವಳ ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. "ನಿಯಮ ತಗೊಂಡು ಏನ ಮಾಡ್ತೀ? ಮಂಚದ ತನಕ ಬಂದಾಕಿನ್ನ ಎಬ್ಬಿಸಿ ಕಳಸ್ಲೇನು?" ಎಂದು ಡಾಕ್ಟರಮ್ಮ ಕೈಗವಸು ಹಾಕಿಕೊಂಡರು. ಹುಳಿ ನೀರು ಹಚ್ಚುವ ಕೆಲಸವೇ ಬೀಳಲಿಲ್ಲ. ಬರಿಗಣ್ಣಿಗೆ ಕಾಣುತ್ತಿತ್ತು. ಡಾಕ್ಟರಮ್ಮ ಬಹಳ ಹೊತ್ತು ನಲ್ಲಿ ಬಿಟ್ಟು ಕೈ ತೊಳೆದರು. ನನ್ನ ಕಡೆ ತಿರುಗಿ ತಲೆಯಾಡಿಸಿದರು. ಗಡ್ಡೆ ಪಕ್ಕಕ್ಕೆಲ್ಲ ಹಬ್ಬಿತ್ತು. ಆಪರೇಷನ್ನಿನ ಕಾಲ ಮೀರಿತ್ತು, ಹುಬ್ಬಳ್ಳಿಗೆ ಕಳಿಸಿ ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ ಕೊಡಿಸಬೇಕಾಗಿತ್ತು.

"ಆಕೀಗೂ ನೋಡ್ರಿ ಮೇಡಂ. ಮುಂದ ಮನಿ ನಡಸಾಕಿ ಆಕಿ" ಎಂದು ಮುದುಕಿಯೇ ಸೊಸೆಯನ್ನು ಒಳಗೆ ನೂಕಿದಳು. ಸೊಸೆ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಡಾಕ್ಟರಮ್ಮ ಮರಗಟ್ಟಿಸುವ ಸೂಜಿ ಹಾಕಿ, ತೆಳು ತಂತಿಯಿಂದ ಕೆಟ್ಟ ಭಾಗವನ್ನು ತೆಗೆದರು. ನಾನು ಅವಳೊಡನೆ ಇನ್ನೂ ಮಾತಾಡುತ್ತಿರುವಾಗಲೇ ಮುಗಿದುಹೋಗಿತ್ತು. "ಆತೇನ್ರಿ?" ಎಂದಳು. ಆತು ಎಂದೆ. "ಇಷ್ಟ ಏನ್ರಿ ಅಕ್ಕಾ? ಇಷ್ಟಕ್ಕ ನಾ ಇಷ್ಟು ದಿನಾ ಸತ್ತೆನಾ?" ಎಂದು ಮಲಗಿದಲ್ಲೇ ಅಳಲು ಶುರುಮಾಡಿದಳು. ಹೊರಗೆ ಬಂದು ಡಾಕ್ಟರಮ್ಮ ಮುದುಕಿಗೆ, ಒಳಗೊಂದು ಹುಣ್ಣಿತ್ತು, ತೆಗೆದೀವಿ, ಒಂದು ತಿಂಗಳು ಭಾರ ಎತ್ತಬಾರದು ಎಂದರು. ಅದರಲ್ಲಿ ಸುಳ್ಳೇನಿರಲಿಲ್ಲ.

ಆ ತಿಂಗಳು ಸಾಲಿಯ ಅಡಿಗೆ ಕೋಣೆಗೆ ಹೋಗಿ ಅನ್ನದ ಬೋಗುಣಿ ಇಳಿಸಿದವಳು, ಮನೆಗೆ ನೀರು ಹೊತ್ತವಳು ಆ ಮುದುಕಿ. ಬೇಡವೆಂದರೂ ಕೇಳಲಿಲ್ಲವಂತೆ. 'ನಿನಗ ಹುಣ್ಣು ಆಗೇತಿ, ನೀ ಕುಂದ್ರು' ಎಂದಳಂತೆ. ಹುಬ್ಬಳ್ಳಿಗೆ ಹೋಗುವುದನ್ನೂ ಅದಕ್ಕೇ ಮುಂದಕ್ಕೆ ಹಾಕುತ್ತ ಬಂದಳು. ನನಗೆ ತಿಳಿದಾಗ ಸಿಟ್ಟು ನೆತ್ತಿಗೇರಿತು. ಟೇಲರೆಂಬುದನ್ನು ಮರೆತು, ಆ ಸಂಚಿಯೊಳಗಿನ ಫೋನಿಗೆ ಹಚ್ಚಿ ಬಾಯಿಗೆ ಬಂದದ್ದು ಬೈದೆ. ಅತ್ತ ಕಡೆಯಿಂದ ಸಮಾಧಾನದ ದನಿ ಬಂತು. "ಬೈಯಬ್ಯಾಡ ತಂಗಿ. ಹೊಂಟೀನಿ. ಮೊದಲ ನನ್ನ ಜಂಪರ ಕೊಡು, ಪ್ಯಾಟಿ ದವಾಖಾನಿಗೆ ಹರಕಾ ಹಾಕ್ಕೊಂಡು ಹೋಗಲೇನು?" ಒಳಗೆ ಎರಡು ಬೆರಳು ಅರಿವೆ ಬಿಟ್ಟು, ಕೈಲಾದಷ್ಟು ಚೆನ್ನಾಗಿ ಹೊಲಿದುಕೊಟ್ಟೆ. ಹಾಕಿಕೊಂಡು, "ಈಗ ಕಲಿತಿ" ಎಂದಳು.

ಹುಬ್ಬಳ್ಳಿಯಲ್ಲಿ ಸೊಸೆಯೇ ಜೊತೆಗಿದ್ದಳು. ಅಲ್ಲಿಂದ ಬಂದ ಮೇಲೆ ಮುದುಕಿ ಸ್ವಲ್ಪ ದಿನ ಚೇತರಿಸಿಕೊಂಡಳು, ಒಂದೆರಡು ಸಲ ಕೊಪ್ಪಳಕ್ಕೂ ಬಂದು ಕಲ್ಲುಬೆಂಚಿನ ಮೇಲೆ ಕೂತು ಎಲ್ಲರಿಗೂ ಎಲೆ ಮಡಿಸಿ ಕೊಟ್ಟಳು. ಆ 'ಎಲ್ಲರೂ' ಯಾರು, ಯಾಕೆ ಬರುತ್ತಾರೆ ಎಂಬುದು ಅವಳಿಗೆ ತಿಳಿಯಲೇ ಇಲ್ಲ. ಸೊಸೆಯ ಬೇನೆಯೂ ಕೊನೆಯವರೆಗೆ ಗೊತ್ತಾಗಲಿಲ್ಲ. ಆಮೇಲೆ ಬೇನೆ ತಿರುಗಿ ಹೊಡೆಯಿತು. ಜೋಳ ತೆನೆ ಕಟ್ಟುವ ಹೊತ್ತಿಗೆ ತೀರಿಕೊಂಡಳು. ನಾನು ಮಣ್ಣಿಗೆ ಹೋಗಿದ್ದೆ. ಕೊಪ್ಪಳದ ಟೇಲರ್ ಬಂದಾಳೆ ಎಂದು ಹೆಂಗಸರು ಜಾಗ ಬಿಟ್ಟು ಕೂರಿಸಿದರು.

ವರ್ಷದ ತಪಾಸಣೆಗೆ ಸೊಸೆ ಒಬ್ಬಳೇ ಬಂದಳು. ಈಗ ಅವಳನ್ನು ಎಲ್ಲಿ ಹೊಂಟಿ ಎಂದು ಕೇಳುವವರು ಇರಲಿಲ್ಲ. ಹುಳಿ ನೀರು ಹಚ್ಚಿ ನೋಡಿದೆವು. ಎಲ್ಲೂ ಬಿಳುಪಿಲ್ಲ. ಲ್ಯಾಬಿನ ಉತ್ತರವೂ ಸ್ವಚ್ಛ. ನಾನು ಕುಣಿದುಬಿಟ್ಟೆ, ಡಾಕ್ಟರಮ್ಮ ಚಹಾ ತರಿಸಿದರು. "ಉಳದಿ ಬೇ! ನಗಬಾರದಾ ಒಂದೀಟು?" ಎಂದು ಅವಳ ಗಲ್ಲ ಹಿಂಡಿದೆ.

ಅವಳು ಚಹಾದ ಲೋಟ ಮುಟ್ಟಲಿಲ್ಲ.

"ಅಕ್ಕಾ, ನನಗ ಈ ಎಚ್‌ಐವಿ ಐತಿ ಅಂತ ನೀವು ವಾರವಾರ ಫೋನ್ ಹಚ್ಚಿ, ಸುಳ್ಳು ಹೇಳಿ, ಕಾಡಿ ಬೇಡಿ ಕರದ್ರಿ. ನಮ್ಮತ್ತಿಗೆ ಅದು ಇರಲಿಲ್ಲ ನೋಡ್ರಿ. ಅದಕ್ಕ ಆಕಿನ್ನ ಯಾರೂ ಕರೀಲಿಲ್ಲೇನು?"

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಯಾರದೋ ಹೊಲದಲ್ಲಿ ಕಳೆ ಕೀಳುತ್ತ, ಸಾಲಿಯ ಬೋಗುಣಿ ಇಳಿಸುತ್ತ, ಹೆಸರಿಲ್ಲದೆ ಸೋರಿಹೋಗುವ ಎಷ್ಟು ಅತ್ತೆಯಂದಿರು ಈ ಜಿಲ್ಲೆಯಲ್ಲಿ ಇದ್ದಾರೋ ಏನೋ. "ಹೌದು" ಎಂದೆ.